ಟ್ಯಾಟ್: ನಿಂತಲ್ಲಿ ನಿಲ್ಲದ ಪ್ರೋಟೀನ್‌ನ ಆಕಾರ ಕಂಡುಹಿಡಿಯುವುದು

ಬಾಗಲಕೋಟೆಯಲ್ಲಿ ಎಚ್‌ಐವಿ ಆಪ್ತ ಸಮಾಲೋಚಕರ ತರಬೇತಿಗೆ ಪಾಠ ಮಾಡಲು ಹೋದಾಗ ಹಿರಿಯ ಸಮಾಲೋಚಕಿಯೊಬ್ಬರು ಕೇಳಿದರು: “ಮೇಡಂ, ಗುಳಿಗಿ ತಗೊಂಡ್ರ ರಕ್ತದಾಗ ವೈರಸ್ ಕಾಣಂಗಿಲ್ಲ ಅಂತ ರಿಪೋರ್ಟ್ ಬರ್ತೈತಿ. ಗುಳಿಗಿ ಬಿಟ್ರ ಮತ್ತ ಎಲ್ಲಿಂದ ಬರ್ತೈತ್ರೀ ಅದು?”

ಬಾಗಲಕೋಟೆ, ಬೆಳಗಾವಿ, ವಿಜಯಪುರ ಒಂದು ಕಾಲಕ್ಕೆ ರಾಜ್ಯದಲ್ಲಿ ಈ ಸೋಂಕು ಹೆಚ್ಚಾಗಿದ್ದ ಜಿಲ್ಲೆಗಳು. ದೇಶದಲ್ಲಿ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಗುಳಿಗೆಗಳನ್ನು ಉಚಿತವಾಗಿ ಕೊಡಲು ಆರಂಭಿಸಿದ್ದು 2004ರ ಏಪ್ರಿಲ್‌ನಲ್ಲಿ. ಅಂದಿನಿಂದ ಎಷ್ಟೋ ಮನೆಗಳು ಉಳಿದಿವೆ. ಆದರೂ ಆ ಸಮಾಲೋಚಕಿಯ ಪ್ರಶ್ನೆ ಹಾಗೇ ಇದೆ, ಮತ್ತು ಅದು ನನ್ನ ವೃತ್ತಿಯ ನಡುಮಧ್ಯದ ಪ್ರಶ್ನೆ.

ಈಗ ಕೊಡುವ ಗುಳಿಗೆಯಲ್ಲಿ ಮೂರು ಔಷಧಗಳಿವೆ. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್, ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬರೆದುಕೊಳ್ಳುವುದನ್ನು ತಡೆಯುತ್ತವೆ. ಡಾಲ್ಯುಟೆಗ್ರಾವಿರ್, ಆ ಡಿಎನ್‌ಎ ನಮ್ಮ ಜೀವಕೋಶದ ಡಿಎನ್‌ಎಯೊಳಗೆ ಸೇರಿಕೊಳ್ಳುವುದನ್ನು ತಡೆಯುತ್ತದೆ. ಗುಳಿಗೆ ಶುರುವಾಗುವ ಮೊದಲೇ ಸೇರಿಕೊಂಡದ್ದನ್ನು ಮಾತ್ರ ಈ ಮೂರೂ ಮುಟ್ಟುವುದಿಲ್ಲ. ಅಂಥ ಕೆಲವು ಸಿಡಿ4 ಕೋಶಗಳು (ರೋಗನಿರೋಧಕ ಬಿಳಿರಕ್ತಕಣಗಳು) ವರ್ಷಗಟ್ಟಲೆ ಸುಮ್ಮನಿರುತ್ತವೆ. ಎಚ್ಚರಗೊಂಡಾಗ ವೈರಸ್‌ನ ಬರಹವನ್ನು ಜೋರಾಗಿ ಓದಿಸುವುದು ಟ್ಯಾಟ್ ಎಂಬ ಪುಟ್ಟ ಪ್ರೋಟೀನ್. ಟ್ಯಾಟ್ ಇಲ್ಲದಿದ್ದರೆ ನಮ್ಮ ಕೋಶದ ನಕಲು ಯಂತ್ರ ವೈರಸ್‌ನ ಆರ್‌ಎನ್‌ಎಯನ್ನು ಅರವತ್ತು ಅಕ್ಷರಗಳ ಆಸುಪಾಸಿನಲ್ಲೇ ನಿಲ್ಲಿಸಿಬಿಡುತ್ತದೆ. ಟ್ಯಾಟ್ ಬಂದರೆ ಕೊನೆಯವರೆಗೂ ಓದುತ್ತದೆ.

ಹಾಗಾದರೆ ಟ್ಯಾಟ್ ಅನ್ನೇ ಕಟ್ಟಿಹಾಕಬಾರದೇಕೆ? ಕಟ್ಟಿಹಾಕಬೇಕೆಂದರೆ ಅದರ ಆಕಾರ ಗೊತ್ತಿರಬೇಕು. ಅಯಸ್ಕಾಂತ ಮತ್ತು ರೇಡಿಯೊ ತರಂಗಗಳಿಂದ ಅಣುವಿನ ಆಕಾರ ತಿಳಿಯುವ ಎನ್‌ಎಂಆರ್ ಕೆಲಸಕ್ಕೆ ನಾನು ಬಂದದ್ದು ಇದೇ ದಾರಿಯಲ್ಲಿ.

ಆಸ್ಪತ್ರೆಯ ಎಂಆರ್‌ಐ ಕೂಡ ಇದೇ ತತ್ವದ ಮೇಲೆ ನಡೆಯುತ್ತದೆ. ಅಲ್ಲಿನ ಅಯಸ್ಕಾಂತ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ, ನಾವು ಬಳಸುವ 600 ಮೆಗಾಹರ್ಟ್ಸ್ ಯಂತ್ರದ್ದು 14.1 ಟೆಸ್ಲಾ. ಅದರ ತಂತಿಸುರುಳಿ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನ ದ್ರವ ಹೀಲಿಯಂನಲ್ಲಿ ಮುಳುಗಿರುತ್ತದೆ. ಒಳಗಿಟ್ಟ ಪ್ರೋಟೀನ್‌ನ ಒಂದೊಂದು ಜಲಜನಕ ಪರಮಾಣುವೂ ರೇಡಿಯೊ ತರಂಗಕ್ಕೆ ತನ್ನದೇ ಕಂಪನದಲ್ಲಿ ಉತ್ತರ ಕೊಡುತ್ತದೆ. ಸುತ್ತ ಯಾರಿದ್ದಾರೆ ಎಂಬುದರ ಮೇಲೆ ಆ ಕಂಪನ ಒಂದಿಷ್ಟೇ ಸರಿಯುತ್ತದೆ. ಆ ಸರಿಯುವಿಕೆಯನ್ನು ಓದುವುದು ನಮ್ಮ ಕೆಲಸ.

ಅಂಥ ಯಂತ್ರ ನಮ್ಮಲ್ಲಿಲ್ಲ. ಸ್ಯಾಂಪಲ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೋ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೋ (ಟಿಐಎಫ್‌ಆರ್) ಹೋಗಬೇಕು. ಇದನ್ನು ಕೊರತೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಹೀಲಿಯಂ ಹೊರದೇಶದಿಂದಲೇ ಬರಬೇಕಾದ ನಾಡಿನಲ್ಲಿ ಊರಿಗೊಂದು ಯಂತ್ರ ಬೇಕಿಲ್ಲ. ಬೇಕಾದದ್ದು ಒಳ್ಳೆಯ ಸ್ಯಾಂಪಲ್ ಮಾಡುವ ಕೈಗಳು. ಆ ಕೈಗಳನ್ನು ಬೆಳಗಾವಿಯಲ್ಲೂ ವಿಜಯಪುರದಲ್ಲೂ ತಯಾರು ಮಾಡಬಹುದು.

ಸ್ಯಾಂಪಲ್ ಎಂದರೆ ಐದು ಮಿಲಿಮೀಟರ್ ದಪ್ಪದ ಗಾಜಿನ ಕೊಳವೆಯಲ್ಲಿ ಅರ್ಧ ಮಿಲಿಲೀಟರ್ ದ್ರವ. ಅಷ್ಟಕ್ಕೆ ವಾರಗಟ್ಟಲೆ ದುಡಿಮೆ. ಟ್ಯಾಟ್ ಜೀನನ್ನು ಇ-ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ ಅದರಿಂದ ಪ್ರೋಟೀನ್ ಮಾಡಿಸುತ್ತೇವೆ. ಇಡೀ ವೈರಸ್ ಇಲ್ಲಿಲ್ಲ, ಸೋಂಕಿನ ಭಯವಿಲ್ಲ. ಆದರೆ ಮಾಮೂಲಿ ಆಹಾರ ಕೊಟ್ಟರೆ ಉಪಯೋಗವಿಲ್ಲ. ನಮಗೆ ಬೇಕಾದ ಸಾರಜನಕ-15 ಪ್ರಕೃತಿಯಲ್ಲಿ ಶೇ. 0.37 ಮಾತ್ರ, ಇಂಗಾಲ-13 ಶೇ. 1.1ರಷ್ಟು. ಆದ್ದರಿಂದ ಆ ಐಸೊಟೋಪ್‌ಗಳಿಂದಲೇ ಮಾಡಿದ ಅಮೋನಿಯಂ ಕ್ಲೋರೈಡ್ ಮತ್ತು ಗ್ಲೂಕೋಸ್ ಹಾಕಿ ಬೆಳೆಸಬೇಕು. ದುಬಾರಿ ಊಟ. ಬ್ಯಾಕ್ಟೀರಿಯಾ ಅದರಲ್ಲಿ ನಿಧಾನಕ್ಕೆ ಬೆಳೆಯುತ್ತದೆ.

ಟ್ಯಾಟ್ ಇನ್ನೂ ಹಟಮಾರಿ. ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳ ಸರಪಳಿ; ಸಿಸ್ಟೀನ್, ಆರ್ಜಿನಿನ್, ಲೈಸಿನ್, ಪ್ರೋಲೀನ್ ಹೀಗೆ ಒಂದೊಂದು ಆಮ್ಲವೂ ಒಂದೊಂದು ಕೊಂಡಿ. ಟ್ಯಾಟ್‌ನಲ್ಲಿ 22ರಿಂದ 37ನೇ ಕೊಂಡಿಯೊಳಗೆ ಏಳು ಸಿಸ್ಟೀನ್‌ಗಳಿವೆ. ಗಾಳಿ ತಾಗಿದರೆ ಇವು ಒಂದಕ್ಕೊಂದು ಬೆಸೆದುಕೊಂಡು ಪ್ರೋಟೀನ್ ಗಂಟುಗಂಟಾಗುತ್ತದೆ. 49ರಿಂದ 57ರವರೆಗಿನ ಒಂಬತ್ತು ಕೊಂಡಿಗಳಲ್ಲಿ ಎಂಟು ಆರ್ಜಿನಿನ್ ಅಥವಾ ಲೈಸಿನ್. ಎಲ್ಲಕ್ಕೂ ಧನ ಆವೇಶ. ಗಾಜಿಗೆ, ಪ್ಲಾಸ್ಟಿಕ್ಕಿಗೆ, ಬ್ಯಾಕ್ಟೀರಿಯಾದ ಆರ್‌ಎನ್‌ಎಗೆ, ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ಹೀಗಾಗಿ ಆಕ್ಸಿಡೀಕರಣ ತಡೆಯುವ ರಾಸಾಯನಿಕ ಸೇರಿಸಿ, ಆಮ್ಲೀಯ ದ್ರಾವಣದಲ್ಲಿ ಇಟ್ಟು, ತಣ್ಣಗೆ ಒಯ್ಯಬೇಕು. ಬೆಳಗಾವಿಯಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತುವ ವಿದ್ಯಾರ್ಥಿನಿಗೆ ನಾನು ಹೇಳುವುದು ಇಷ್ಟೇ: ಐಸ್ ಪೆಟ್ಟಿಗೆ ಕಾಲಬುಡದಲ್ಲಿರಲಿ, ಬರ್ತ್ ಕೆಳಗಿನದೇ ಇರಲಿ.

ಮೊದಲು ತೆಗೆಯುವ ಸ್ಪೆಕ್ಟ್ರಮ್‌ಗೆ ಎಚ್‌ಎಸ್‌ಕ್ಯೂಸಿ ಎನ್ನುತ್ತೇವೆ. ಕಾಗದದ ಮೇಲೆ ನೋಡಿದರೆ ಚುಕ್ಕಿಗಳ ಹರಹು. ಬೆನ್ನೆಲುಬಿನ ಒಂದೊಂದು ಸಾರಜನಕ-ಜಲಜನಕ ಜೋಡಿಗೆ ಒಂದೊಂದು ಚುಕ್ಕಿ. ಪ್ರೋಲೀನ್‌ಗೆ ಆ ಜಲಜನಕವಿಲ್ಲ, ಅದಕ್ಕೆ ಚುಕ್ಕಿಯೂ ಇಲ್ಲ. ಟ್ಯಾಟ್‌ನ ಮೊದಲ ಹದಿನೆಂಟು ಕೊಂಡಿಗಳಲ್ಲೇ ಐದು ಪ್ರೋಲೀನ್. ಹೆಜ್ಜೆ ಹೆಜ್ಜೆಗೆ ಕಂದಕ! ಎಡ ಮೂಲೆಯಲ್ಲಿ, 10 ಪಿಪಿಎಂ (ಕಂಪನದ ಸರಿಯುವಿಕೆ ಅಳೆಯುವ ಮಾನ) ಹತ್ತಿರ, ಒಂಟಿಯಾಗಿ ನಿಂತ ಚುಕ್ಕಿ 11ನೇ ಕೊಂಡಿಯ ಟ್ರಿಪ್ಟೊಫಾನ್‌ನ ಪಕ್ಕದ ಕವಲಿನದು. ಅದು ಒಂದೇ ಇದ್ದು ಚೂಪಾಗಿದ್ದರೆ ಸ್ಯಾಂಪಲ್ ಚೆನ್ನಾಗಿದೆ. ಪಕ್ಕದಲ್ಲಿ ಮತ್ತೆರಡು ಮಸುಕು ಚುಕ್ಕಿ ಕಂಡರೆ ಪ್ರೋಟೀನ್ ಕೆಡುತ್ತಿದೆಯೇನೋ ಎಂದು ಮೊದಲು ಪರೀಕ್ಷಿಸಬೇಕು. ಯಂತ್ರದ ಸಮಯ ಪೋಲಾಗದಂತೆ ಮೊದಲ ಅರ್ಧ ಗಂಟೆಯಲ್ಲೇ ಇದನ್ನು ನೋಡಿಕೊಳ್ಳಲು ಕಲಿಸುತ್ತೇನೆ.

ಮಡಚಿ ಗಟ್ಟಿಯಾಗಿ ನಿಂತ ಪ್ರೋಟೀನಾದರೆ ಚುಕ್ಕಿಗಳು 6ರಿಂದ 10 ಪಿಪಿಎಂವರೆಗೆ ಹರಡುತ್ತವೆ. ಮುಂದಿನ ದಾರಿಯೂ ಗೊತ್ತಿರುವಂಥದ್ದೇ. ಯಾವ ಚುಕ್ಕಿ ಯಾವ ಕೊಂಡಿಯದು ಎಂದು ಗುರುತಿಸುವುದು, ಆಮೇಲೆ ಯಾವ ಜಲಜನಕ ಯಾವುದರ ಹತ್ತಿರ ಇದೆ ಎಂದು ಅಳೆಯುವುದು. ಎನ್‌ಒಇ ಎಂಬ ಪರಿಣಾಮ ಐದಾರು ಆಂಗ್‌ಸ್ಟ್ರಾಮ್‌ಗಳೊಳಗಿನ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರ್‌ನ ಸಾವಿರ ಕೋಟಿಯಲ್ಲೊಂದು ಪಾಲು) ನೆರೆಯನ್ನು ಮಾತ್ರ ತೋರಿಸುತ್ತದೆ. ಮುಧೋಳ, ಲೋಕಾಪುರ, ಬೀಳಗಿ, ಜಮಖಂಡಿ, ರಬಕವಿ ಎಲ್ಲಿವೆ ಎಂಬ ನಕ್ಷೆಯೇ ಇಲ್ಲದೆ, ಅಕ್ಕಪಕ್ಕದ ಊರುಗಳ ನಡುವಿನ ದೂರ ಅಂದಾಜಾಗಿ ಗೊತ್ತಿದ್ದರೆ ಸಾಕು, ನಕ್ಷೆ ಬರೆಯಬಹುದಲ್ಲ, ಹಾಗೆ. ಬರೀ ದೂರಗಳಿಂದ ಬರೆದ ನಕ್ಷೆ ಕನ್ನಡಿಯ ಬಿಂಬದಂತೆ ತಿರುವುಮುರುವಾಗಿಯೂ ಬರಬಹುದು. ಪ್ರೋಟೀನ್‌ನ ಅಮೈನೊ ಆಮ್ಲಗಳು ಎಡಗೈ ಜಾತಿಯವೆಂದು ತಿಳಿದಿರುವುದರಿಂದ ಆ ಗೊಂದಲ ಬಗೆಹರಿಯುತ್ತದೆ. ಈ ದೂರ ಅಳೆಯುವ ಎರಡು ಆಯಾಮದ ಪ್ರಯೋಗವನ್ನು 1980ರಲ್ಲಿ ಪ್ರಕಟಿಸಿದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅನಿಲ್ ಕುಮಾರ್ ಮೊದಲಿಗರು. ಜೊತೆಗಿದ್ದ ರಿಚರ್ಡ್ ಅರ್ನ್ಸ್ಟ್‌ಗೆ 1991ರಲ್ಲಿ, ಕುರ್ಟ್ ವ್ಯೂಟ್ರಿಕ್‌ಗೆ 2002ರಲ್ಲಿ ನೊಬೆಲ್ ಬಂತು. ನಮ್ಮ ಪಠ್ಯಗಳಲ್ಲಿ ಅನಿಲ್ ಕುಮಾರರ ಹೆಸರು ಇನ್ನೂ ದೊಡ್ಡ ಅಕ್ಷರದಲ್ಲಿ ಬರಬೇಕು.

ಒಂಟಿ ಟ್ಯಾಟ್ ಈ ದಾರಿಗೆ ಬರುವುದಿಲ್ಲ. ಅದರ ಚುಕ್ಕಿಗಳೆಲ್ಲ 8ರಿಂದ 8.5 ಪಿಪಿಎಂ ನಡುವೆ ಒತ್ತೊತ್ತಾಗಿ ಗುಂಪುಗೂಡುತ್ತವೆ. ದೂರದ ಕೊಂಡಿಗಳ ನಡುವೆ ಎನ್‌ಒಇ ಸಿಗುವುದೇ ಇಲ್ಲ. 2006ರಲ್ಲಿ ಕೆನಡಾದ ಸಂಶೋಧಕರು 72 ಕೊಂಡಿಗಳ ಟ್ಯಾಟ್ ಅನ್ನು ಹೀಗೆ ಪರೀಕ್ಷಿಸಿ, ಇದು ಸಹಜವಾಗಿಯೇ ಮಡಚದ ಪ್ರೋಟೀನ್ ಎಂದು ತೋರಿಸಿದರು. ಪರಮಾಣುಗಳ ಚಲನೆ ಅಳೆಯುವ ಇನ್ನೊಂದು ಪ್ರಯೋಗವಿದೆ. ಬಿಗಿಯಾದ ಕೊಂಡಿಗೆ 0.8ರ ಸುಮಾರಿನ ಮೌಲ್ಯ ಬರುತ್ತದೆ, ಸಡಿಲವಾದದ್ದಕ್ಕೆ ಸೊನ್ನೆಯ ಹತ್ತಿರ ಅಥವಾ ಅದಕ್ಕೂ ಕೆಳಗೆ. ಸಡಿಲ ಎನ್ನುವುದಕ್ಕೂ ಅಂಕಿಯಿದೆ. ಕೊಂಡಿ ಕೊಂಡಿಗೂ ಬೇರೆ ಬೇರೆ ಅಂಕಿ.

ಇಲ್ಲಿಯೇ ವಿದ್ಯಾರ್ಥಿಗಳೊಂದಿಗೆ ನನ್ನ ವಾದ ನಡೆಯುವುದು. ಎನ್‌ಎಂಆರ್ ರಚನೆಯನ್ನು ಸಾಮಾನ್ಯವಾಗಿ ಇಪ್ಪತ್ತು ಮಾದರಿಗಳನ್ನು ಒಂದರ ಮೇಲೊಂದಿಟ್ಟು ಪ್ರಕಟಿಸುತ್ತೇವೆ. ನಡುವೆ ಎಲ್ಲವೂ ಒಂದೇ ಗೆರೆಯಂತೆ ಕೂಡುತ್ತವೆ, ತುದಿಗಳು ಬಿಚ್ಚಿದ ದಾರದಂತೆ ಚದುರುತ್ತವೆ. ಚದುರಿದ್ದನ್ನು ಕತ್ತರಿಸಿ ಚೆಂದದ ಚಿತ್ರ ಮಾಡುವ ಆಸೆ ಎಲ್ಲರಿಗೂ. ಕತ್ತರಿಸಬೇಡಿ ಎನ್ನುತ್ತೇನೆ. ಅಲ್ಲಿ ದೂರದ ಮಾಹಿತಿ ಸಿಗದೆ ಚದುರಿದೆಯೋ, ನಿಜವಾಗಿಯೂ ಓಲಾಡುತ್ತಿದೆಯೋ ಎಂದು ಚಲನೆಯ ಅಂಕಿ ನೋಡಿ ತೀರ್ಮಾನಿಸಿ. ವೈರಸ್‌ನ ನಿಯಂತ್ರಕ ಪ್ರೋಟೀನ್‌ಗಳಲ್ಲಿ ಬಹಳ ಸಲ ಓಲಾಡುವ ಭಾಗವೇ ಕೆಲಸ ಮಾಡುವ ಭಾಗ. ನೂರರ ಆಸುಪಾಸಿನ ಕೊಂಡಿಗಳಲ್ಲಿ ಹಲವು ಸಂಗಾತಿಗಳನ್ನು ಹಿಡಿಯಬೇಕಾದ ಪ್ರೋಟೀನ್ ಒಂದೇ ಭಂಗಿಯಲ್ಲಿ ನಿಂತರೆ ಅದರ ಕೆಲಸ ನಡೆಯದು.

ಟ್ಯಾಟ್ ಹಿಡಿಯುವ ಮೊದಲ ಸಂಗಾತಿ ವೈರಸ್‌ನ ಆರ್‌ಎನ್‌ಎ ತುದಿಯ ಟಾರ್, 59 ಅಕ್ಷರಗಳ ಕುಣಿಕೆ. ಅದರ ಪಕ್ಕೆಯಲ್ಲೇ ಮೂರು ಅಕ್ಷರಗಳ ಉಬ್ಬು. 1992ರಲ್ಲಿ ಎನ್‌ಎಂಆರ್ ಮೂಲಕವೇ ಗೊತ್ತಾಯಿತು: ಒಂದೇ ಒಂದು ಆರ್ಜಿನಿನ್ ಬಂದು ಕೂತರೂ ಆ ಉಬ್ಬು ತನ್ನ ಆಕಾರ ಬದಲಿಸುತ್ತದೆ. ಅಂದರೆ ಸಂಧಿಸುವಾಗ ಆರ್‌ಎನ್‌ಎಯೂ ಬದಲಾಗುತ್ತದೆ. ಎರಡನೆಯ ಸಂಗಾತಿ ನಮ್ಮದೇ ಕೋಶದ ಸೈಕ್ಲಿನ್ ಟಿ1 ಮತ್ತು ಸಿಡಿಕೆ9 ಜೋಡಿ, ನಕಲು ಯಂತ್ರವನ್ನು ಮುಂದೆ ನೂಕುವ ಕಿಣ್ವ. ಇದರೊಂದಿಗಿದ್ದ ಟ್ಯಾಟ್ ಅನ್ನು 2010ರಲ್ಲಿ ಸ್ಫಟಿಕ ಮಾಡಿ ಎಕ್ಸ್-ರೇಯಲ್ಲಿ ನೋಡಿದಾಗ ಮೊದಲ ಐವತ್ತರಷ್ಟು ಕೊಂಡಿಗಳು ಸತುವಿನ ಅಯಾನುಗಳ ಸುತ್ತ ಮಡಚಿ, ಸೈಕ್ಲಿನ್‌ಗೆ ಒರಗಿ ನಿಂತಿದ್ದವು. ಒಂಟಿಯಿದ್ದಾಗ ಇಲ್ಲದ ಆಕಾರ ಜೊತೆ ಸಿಕ್ಕಾಗ ಬಂದಿತ್ತು.

ಔಷಧ ಹುಡುಕುವವರಿಗೆ ಇದೇ ಕಷ್ಟ. ಗುಳಿಗೆಯ ಅಣು ಹೋಗಿ ಕೂರಲು ಒಂಟಿ ಟ್ಯಾಟ್‌ನಲ್ಲಿ ಗಟ್ಟಿ ಕುಳಿಯೇ ಇಲ್ಲ. ಸಮುದ್ರ ಸ್ಪಂಜಿನ ಒಂದು ವಸ್ತುವಿನಿಂದ ಪ್ರೇರಣೆ ಪಡೆದು ತಯಾರಿಸಿದ ಡೈಡಿಹೈಡ್ರೊ-ಕಾರ್ಟಿಸ್ಟಾಟಿನ್ ಎ, ಟ್ಯಾಟ್‌ನ ಆರ್ಜಿನಿನ್ ಭಾಗಕ್ಕೆ ಅಂಟಿ ಅದರ ಕೆಲಸ ತಡೆಯುತ್ತದೆ ಎಂದು 2012ರಲ್ಲಿ ವರದಿಯಾಯಿತು. ಅದು ಇನ್ನೂ ಪ್ರಯೋಗಾಲಯದ ವಸ್ತು, ಎಆರ್‌ಟಿ ಕೇಂದ್ರದಲ್ಲಿ ಸಿಗುವಂಥದ್ದಲ್ಲ. ಇಂಥ ಅಣುಗಳನ್ನು ಪರೀಕ್ಷಿಸುವ ಕ್ರಮ ಮಾತ್ರ ಎನ್‌ಎಂಆರ್‌ಗೆ ಹೇಳಿ ಮಾಡಿಸಿದ್ದು. ಕೊಳವೆಗೆ ಅಣುವನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಪ್ರತಿ ಸಲ ಎಚ್‌ಎಸ್‌ಕ್ಯೂಸಿ ತೆಗೆದು ಒಂದರ ಮೇಲೊಂದು ಇಡಬೇಕು. ಬರೀ 49ರಿಂದ 57ರ ಚುಕ್ಕಿಗಳು ಸರಿದು, ಸಿಸ್ಟೀನ್ ಭಾಗ ಅಲುಗಾಡದೆ ಉಳಿದರೆ ಅಣು ಎಲ್ಲಿ ಕೂತಿತೆಂದು ತಿಳಿಯಿತು. ಎಲ್ಲ ಚುಕ್ಕಿಗಳೂ ಒಟ್ಟಿಗೆ ಮಸುಕಾದರೆ ಪ್ರೋಟೀನ್ ಗಂಟುಕಟ್ಟಿದೆ. ಆಗ ಅಣುವಿನ ಬಗ್ಗೆ ಏನನ್ನೂ ಬರೆಯದೆ ಹೊಸ ಸ್ಯಾಂಪಲ್‌ಗೆ ಬ್ಯಾಕ್ಟೀರಿಯಾ ಬೆಳೆಸಬೇಕು.