ಆಯಸ್ಕಾಂತಕ್ಕೆ ಅಂಟದ ಉಕ್ಕಿನ ಟೋಪಿ

ಮೊದಲನೇ ಮಹಾಯುದ್ಧದ ಬ್ರಿಟಿಷ್ ಹೆಲ್ಮೆಟ್ ಅಂತ ಯಾರಾದರೂ ಒಂದನ್ನು ಮಾರಲು ತಂದರೆ, ಪಳಗಿದ ಸಂಗ್ರಾಹಕರು ಮೊದಲು ಜೇಬಿನಿಂದ ತೆಗೆಯುವುದು ಒಂದು ಪುಟ್ಟ ಆಯಸ್ಕಾಂತ. ಬೋಗುಣಿ ಕವುಚಿಟ್ಟ ಹಾಗಿರುವ ಆ ಹೆಲ್ಮೆಟ್ಟಿನ ನೆತ್ತಿಗೆ ಅದನ್ನು ತಾಗಿಸುತ್ತಾರೆ. ಗಟ್ಟಿಯಾಗಿ ಕಚ್ಚಿಕೊಂಡರೆ ವ್ಯಾಪಾರ ಬಹುತೇಕ ಅಲ್ಲಿಗೇ ಮುಗಿಯಿತು. ಜಾರಿ ಬಿದ್ದರೆ ಮಾತು ಮುಂದುವರಿಯುತ್ತದೆ.

ಉಕ್ಕು ಆಯಸ್ಕಾಂತಕ್ಕೆ ಅಂಟಬೇಕಲ್ಲವೇ? ಈ ಉಕ್ಕು ಅಂಟುವುದಿಲ್ಲ. ಜಾನ್ ಬ್ರೋಡಿ 1915ರಲ್ಲಿ ಪೇಟೆಂಟ್ ಪಡೆದ ಈ ಹೆಲ್ಮೆಟ್ ಶುರುವಿನಲ್ಲಿ ಸ್ವಲ್ಪ ಕಾಲ ಮಾತ್ರ ಸಾಧಾರಣ ಮೆದು ಉಕ್ಕಿನಲ್ಲಿ ತಯಾರಾಯಿತು. ಆಮೇಲೆ ಬಂದದ್ದು ಶೆಫೀಲ್ಡ್‌ನ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದಿದ್ದ ಮ್ಯಾಂಗನೀಸ್ ಉಕ್ಕು. ಅದರಲ್ಲಿ ಶೇಕಡಾ 12-13ರಷ್ಟು ಮ್ಯಾಂಗನೀಸ್, ಒಂದಕ್ಕಿಂತ ತುಸು ಹೆಚ್ಚು ಇಂಗಾಲ. ಸುಮಾರು 1000 ಡಿಗ್ರಿಗೆ ಕಾಯಿಸಿ ನೀರಿಗೆ ಅದ್ದಿದರೆ ಮಾಮೂಲಿ ಇಂಗಾಲದ ಉಕ್ಕು ಪೆಡಸಾಗುತ್ತದೆ. ಇದು ಮಾತ್ರ ಬಗ್ಗಿಸಿದಂತೆ ಬಗ್ಗುತ್ತದೆ.

ಕಾರಣ ಪರಮಾಣುಗಳ ಜೋಡಣೆಯಲ್ಲಿದೆ. ತಣ್ಣಗಿರುವ ಕಬ್ಬಿಣದಲ್ಲಿ ಪ್ರತಿ ಘನದ ಎಂಟು ಮೂಲೆಗಳಲ್ಲಿ ಒಂದೊಂದು, ನಟ್ಟನಡುವೆ ಒಂದು ಪರಮಾಣು ಇರುತ್ತದೆ. 912 ಡಿಗ್ರಿ ದಾಟಿದರೆ ನಡುವಿನ ಪರಮಾಣು ಇರುವುದಿಲ್ಲ, ಬದಲಿಗೆ ಆರು ಮುಖಗಳ ಮಧ್ಯದಲ್ಲೂ ಪರಮಾಣುಗಳು ಕೂರುತ್ತವೆ. ಈ ಎರಡನೇ ಜೋಡಣೆಗೆ ಆಯಸ್ಕಾಂತದ ಹಂಗಿಲ್ಲ. ಮ್ಯಾಂಗನೀಸ್ ಮತ್ತು ಇಂಗಾಲ ಸೇರಿ ಆ ಬಿಸಿ ಜೋಡಣೆಯನ್ನೇ ತಣ್ಣಗಾದ ಮೇಲೂ ಹಿಡಿದಿಡುತ್ತವೆ. ಸೈನ್ಯಕ್ಕೆ ಬೇಕಾಗಿದ್ದು ಇದರ ಇನ್ನೊಂದು ಗುಣ: ಪೆಟ್ಟು ಬಿದ್ದಲ್ಲಿ ಈ ಉಕ್ಕು ಇನ್ನಷ್ಟು ಗಟ್ಟಿಯಾಗುತ್ತದೆ. ಹಾಗಾಗಿ 0.9 ಮಿಲಿಮೀಟರ್ ದಪ್ಪದ ತಗಡನ್ನು ಅಚ್ಚಿನಲ್ಲಿ ಒತ್ತಿ ಎಳೆಯಲೂಬಹುದು, ಶೆಲ್ ಸಿಡಿದ ಚೂರುಗಳನ್ನು ತಡೆಯಲೂಬಹುದು. ನಮ್ಮ ರೈಲು ಹಳಿಗಳು ಒಂದನ್ನೊಂದು ದಾಟುವ ಜಾಗದಲ್ಲಿ ಚಕ್ರಗಳ ಗುದ್ದು ತಿನ್ನುತ್ತಿರುವುದೂ ಇದೇ ಜಾತಿಯ ಎರಕದ ಉಕ್ಕು.

ಆಯಸ್ಕಾಂತವನ್ನು ಅಂಚಿಗೆ ಒಯ್ಯುವಾಗ ಹುಷಾರಾಗಿರಬೇಕು. ಮೊದಮೊದಲ ಹೆಲ್ಮೆಟ್ಟುಗಳ ಅಂಚು ಕತ್ತರಿಸಿದಂತೆಯೇ ಹರಿತವಾಗಿತ್ತು. 1916ರಲ್ಲಿ ಅದರ ಸುತ್ತ ಮೆದು ಉಕ್ಕಿನ ಪಟ್ಟಿ ಮಡಿಸಿ ಕೂರಿಸಿದರು. ಆದ್ದರಿಂದ ಮಾರ್ಕ್ 1 ಎನ್ನುವ ಈ ಪಟ್ಟಿ ಕೂರಿಸಿದ ಮಾದರಿ ಅಸಲಿಯಾಗಿದ್ದರೆ ನೆತ್ತಿ ಅಂಟುವುದಿಲ್ಲ, ಅಂಚು ಅಂಟುತ್ತದೆ. ನೆತ್ತಿಯಲ್ಲೂ ತೀರಾ ಸಣ್ಣ ಸೆಳೆತ ಸಿಕ್ಕಿದರೆ ಗಾಬರಿ ಬೇಡ. ಕುಲುಮೆಯಲ್ಲಿ ಮೇಲ್ಪದರದ ಇಂಗಾಲ ಸುಟ್ಟುಹೋದ ಕಡೆ ಆ ತೆಳು ಪದರವಷ್ಟೇ ಅಂಟುವ ಜಾತಿಗೆ ಮರಳಿರುತ್ತದೆ.

1941ರಲ್ಲಿ ಬಂದ ಅಮೆರಿಕದ ಎಂ1 ಹೆಲ್ಮೆಟ್ಟಿಗೂ ಇದೇ ಉಕ್ಕು. ಯುದ್ಧದ ನಂತರ ಯುರೋಪಿನ ದೇಶಗಳು ಅದೇ ಆಕಾರದಲ್ಲಿ ಮಾಡಿಕೊಂಡವುಗಳಲ್ಲಿ ಬಹುಪಾಲು ಆಯಸ್ಕಾಂತಕ್ಕೆ ಅಂಟುತ್ತವೆ. ಅವನ್ನೇ 1944ರಲ್ಲಿ ಮಿತ್ರಪಡೆಗಳು ಬಂದಿಳಿದ ಫ್ರಾನ್ಸಿನ 'ನಾರ್ಮಂಡಿಯಲ್ಲಿ ಸಿಕ್ಕಿದ್ದು' ಅಂತ ಮಾರುವವರಿದ್ದಾರೆ. ಯುದ್ಧಕಾಲದ ಎಂ1ನಲ್ಲಿ ಅಂಚಿನಿಂದ ಮೇಲಕ್ಕೆ ಕೂದಲೆಳೆಯಷ್ಟು ಬಿರುಕು ಕಂಡರೆ ಹೊಸಬರು ಮೂಗು ಮುರಿಯುತ್ತಾರೆ, ನನಗಂತೂ ಅದನ್ನು ಕಂಡರೆ ಖುಷಿ. ತಗಡನ್ನು ಅಷ್ಟು ಆಳಕ್ಕೆ ಎಳೆದಾಗ ಒಳಗೆ ಉಳಿದ ಬಿಗಿತ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಹಾಗೆ ಸೀಳಿಕೊಂಡು ಹೊರಬರುತ್ತದೆ. ಅಂಚಿನ ಪಟ್ಟಿಯ ಎರಡು ತುದಿ ಕೂಡುವ ಜಾಗವನ್ನೂ ನೋಡಿ: 1944ರ ಕೊನೆಯವರೆಗೆ ಅದು ಹಣೆಯ ಕಡೆಗಿತ್ತು, ಆಮೇಲೆ ಹಿಂದಕ್ಕೆ ಹೋಯಿತು. ಜರ್ಮನ್ ಹೆಲ್ಮೆಟ್ಟುಗಳಿಗೆ ಮಾತ್ರ ಈ ಆಯಸ್ಕಾಂತದ ಆಟ ನಡೆಯದು. ಅವುಗಳ ಉಕ್ಕೇ ಬೇರೆ, ಅಸಲಿಯೂ ಅಂಟುತ್ತದೆ, ನಕಲಿಯೂ ಅಂಟುತ್ತದೆ.

ಇಷ್ಟೆಲ್ಲ ಮಾಡಿದರೂ ಖಾತ್ರಿಯಾಗುವುದು ಲೋಹದ ಚಿಪ್ಪು ಮಾತ್ರ. ಅದರ ಮೇಲಿನ ಬಣ್ಣ, ಲಾಂಛನ, ಗಲ್ಲದ ಪಟ್ಟಿಗಳ ವಯಸ್ಸು ಬೇರೆ ಬೇರೆ ಇರಬಹುದು. ಎಂ1ಗಳನ್ನು ಸೇನೆಯೇ ಕೊರಿಯಾ, ವಿಯೆಟ್ನಾಂ ಕಾಲದಲ್ಲಿ ಬಣ್ಣ ಬಳಿದು, ಪಟ್ಟಿ ಬದಲಿಸಿ ಮತ್ತೆ ಹಂಚಿದೆ. ಮೋಸ ನಡೆಯುವುದೂ ಇಲ್ಲೇ. ಅಗ್ಗದ ಅಸಲಿ ಚಿಪ್ಪಿನ ಮೇಲೆ ಹೆಸರುವಾಸಿ ತುಕಡಿಯ ಗುರುತು ಬರೆದರೆ ಬೆಲೆ ಹಲವು ಪಟ್ಟು ಏರುತ್ತದೆ. ಲಾಂಛನದ ಮೇಲೆ ಹಾದುಹೋಗುವ ಒಂದು ಹಳೆಯ ಗೀರನ್ನು ಹುಡುಕಿ ಭೂತಗನ್ನಡಿ ಹಿಡಿಯಿರಿ. ಗೀರು ಬಣ್ಣವನ್ನು ಕತ್ತರಿಸಿಕೊಂಡು ಹೋಗಿದ್ದರೆ ಸರಿ. ಬಣ್ಣವೇ ಗೀರಿನೊಳಕ್ಕೆ ಇಳಿದು ತುಕ್ಕಿನ ಮೇಲೆ ಕೂತಿದ್ದರೆ, ಆ ಗೀರು ಬೀಳುವಾಗ ಲಾಂಛನ ಇನ್ನೂ ಹುಟ್ಟಿರಲಿಲ್ಲ.

ಬಟ್ಟೆ, ದಾರಗಳಿಗೆ ನೇರಳಾತೀತ ಟಾರ್ಚ್ ಇದೆ. ಬಟ್ಟೆಯನ್ನು ಬೆಳ್ಳಗೆ ಹೊಳೆಸುವ ರಾಸಾಯನಿಕಗಳು ವ್ಯಾಪಕವಾದದ್ದು ಎರಡನೇ ಮಹಾಯುದ್ಧದ ನಂತರ. ಕತ್ತಲಲ್ಲಿ ಹೊಲಿಗೆ ನೀಲಿ-ಬಿಳಿಯಾಗಿ ಉರಿದರೆ ಅನುಮಾನಪಡಬೇಕು. ಆದರೆ ಹಳೆಯ ಪಟ್ಟಿಯನ್ನು ಈಗಿನ ಡಿಟರ್ಜೆಂಟಿನಲ್ಲಿ ಒಗೆದಿದ್ದರೂ ಅದು ಹೊಳೆಯುತ್ತದೆ, ಹಾಗಾಗಿ ಇದೊಂದನ್ನೇ ನಂಬಿ ತೀರ್ಪು ಕೊಡಲಾಗದು. ತುಕ್ಕೂ ಸುಳಿವು ಕೊಡುತ್ತದೆ. ಉಪ್ಪು, ವಿನೆಗರ್ ಹಾಕಿ ಎಬ್ಬಿಸಿದ ತುಕ್ಕು ಕಿತ್ತಳೆ ಬಣ್ಣದ್ದು, ಬೆರಳಿಗೆ ಹತ್ತುತ್ತದೆ. ದಶಕಗಳ ತುಕ್ಕು ಕಡುಕಂದು, ಲೋಹಕ್ಕೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ.

ಹೆಲ್ಮೆಟ್ಟಿನ ಒಳಭಾಗವನ್ನು ಪರೀಕ್ಷಿಸುವ ಉತ್ಸಾಹದಲ್ಲಿ ಅಲ್ಲಿನ ಹಳೆಯ ಮೆತ್ತೆಯನ್ನು ಕೆರೆಯಬೇಡಿ, ಬ್ರಶ್ ಹಾಕಿ ಉಜ್ಜಲೂಬೇಡಿ. ಬ್ರೋಡಿ ಹೆಲ್ಮೆಟ್ಟುಗಳ ಒಳಪದರದಲ್ಲಿ ಕಲ್ನಾರು, ಅಂದರೆ ಧೂಳಾಗಿ ಉಸಿರಿಗೆ ಸೇರಿದರೆ ಶ್ವಾಸಕೋಶಕ್ಕೆ ಅಪಾಯ ತರುವ ಆಸ್ಬೆಸ್ಟಾಸ್ ಇರುವುದು ಪತ್ತೆಯಾಗಿ, 2014ರಲ್ಲಿ ಬ್ರಿಟನ್ನಿನ ಶಾಲೆಗಳಿಗೆ ಅವನ್ನು ಮಕ್ಕಳ ಕೈಗೆ ಕೊಡಬೇಡಿ ಎಂಬ ಎಚ್ಚರಿಕೆ ಹೋಗಿತ್ತು. ಒಳಗೆ ಪುಡಿ ಉದುರುತ್ತಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿಡಿ. ಆಯಸ್ಕಾಂತ ಆ ಚೀಲದ ಮೇಲಿಂದಲೂ ಕೆಲಸ ಮಾಡುತ್ತದೆ.