ಖಾಲಿ ಬೇರೆ, ಸೊನ್ನೆ ಬೇರೆ

ಕಳೆದ ವಾರ ಬದಿಯಡ್ಕ ಕಡೆಯ ತಾಯಿಯೊಬ್ಬರು ಪ್ಲಸ್ ಟು ಓದುವ ಮಗನನ್ನು ಕರೆದುಕೊಂಡು ಬಂದಿದ್ದರು. "ಮಾತಿಲ್ಲ, ಯಾವುದಕ್ಕೂ ಅರ್ಜೆಂಟಿಲ್ಲ. ಇವನನ್ನು ಎಂತ ಮಾಡುವುದು ಸರ್?" ಜತೆಗೊಂದು ದೂರು: ಹಾಲಿನ ಲೆಕ್ಕದ ಕ್ಯಾಲೆಂಡರ್ ತುಂಬಾ ಗೀಚಿ ಇಟ್ಟಿದ್ದಾನಂತೆ.

ಹುಡುಗ ಮೊಬೈಲಿನಲ್ಲಿ ಫೋಟೋ ತೋರಿಸಿದ. ಬಾವಿಯ ನೀರು ಮೇಲಿನಿಂದ ಎಷ್ಟನೇ ಕಲ್ಲಿನಲ್ಲಿದೆ ಅನ್ನುವ ಅಂಕಿಗಳು, ದಿನಕ್ಕೊಂದು. ನಡುವೆ ಮೂರು ದಿನ ಖಾಲಿ. ಯಾಕೆ ಅಂದೆ. "ಅಜ್ಜನಮನೆಗೆ ಹೋಗಿದ್ದೆ. ನೋಡ್ಲಿಲ್ಲ." ಹಿಂದಿನ ದಿನ ಹದಿನಾಲ್ಕು, ಮರುದಿನವೂ ಹದಿನಾಲ್ಕು. ನಡುವೆ ಹದಿನಾಲ್ಕು ಅಂತಲೇ ತುಂಬಿಸಬಹುದಿತ್ತು. ತುಂಬಿಸಿರಲಿಲ್ಲ. ಹುಡುಗ ಎಂಥವನು ಅಂತ ತಿಳಿಯಲು ನನಗೆ ಅಷ್ಟು ಸಾಕಾಯಿತು.

ಮೂವತ್ತು ವರ್ಷ ತೆಂಗಿನ ತೋಟದಲ್ಲಿ ಮಳೆಯ, ಕಾಯಿಯ ಲೆಕ್ಕ ಬರೆದವನು ನಾನು. ತೆಂಗು ಅವಸರದವರ ಬೆಳೆಯಲ್ಲ. ತಿಂಗಳಿಗೆ ಹೆಚ್ಚುಕಮ್ಮಿ ಒಂದು ಮಡಲು (ಗರಿ), ಅದರ ಬುಡದಲ್ಲಿ ಒಂದು ಹೊಂಬಾಳೆ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಸುಮಾರು 12 ತಿಂಗಳು. ಆದರೆ ಆ ಹೊಂಬಾಳೆ ಮರದ ಸುಳಿಯೊಳಗೆ ಚಿಗುರಿದ್ದು ಅದಕ್ಕೂ ಸುಮಾರು 32 ತಿಂಗಳು ಮೊದಲು. ಈ ಸಲ ಕಾಯಿ ಯಾಕೆ ಕಮ್ಮಿ ಅಂತ ಕೇಳಿದರೆ, ಎರಡು ಮೂರು ವರ್ಷ ಹಿಂದಿನ ಬೇಸಿಗೆಯ ಪುಟ ತಿರುವಿ ನೋಡಬೇಕು. ಆ ಪುಟ ಇರಬೇಕು, ಅಲ್ವಾ?

ನಮ್ಮದೇ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 1932ರಲ್ಲಿ ತೆಂಗಿನ ವಿಜ್ಞಾನಿ ಜೆ.ಎಸ್. ಪಟೇಲ್ ಅವರು ಉದ್ದ ಜಾತಿಗೂ ಗಿಡ್ಡ ಜಾತಿಗೂ ಕ್ರಾಸ್ ಮಾಡಿದರು. ತೆಂಗಿನಲ್ಲಿ ಜಗತ್ತಿನ ಮೊದಲ ಹೈಬ್ರಿಡ್ ಅದು. ಪರಾಗ ಹಾಕುವುದು ಕೆಲವು ದಿನದ ಕೆಲಸ. ಹುಟ್ಟಿದ ಗಿಡ ಒಳ್ಳೆಯದೋ ಅಲ್ಲವೋ ಅಂತ ಹೇಳಲು ವರ್ಷಗಟ್ಟಲೆ ಯಾರಾದರೂ ಕಾಯಿ ಎಣಿಸಬೇಕು.

ತಾಳ್ಮೆ ಅಂದರೆ ಸುಮ್ನೆ ಕೂರುವುದು ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಮಳೆಮಾಪಕವನ್ನು ದಿನಾ ಬೆಳಿಗ್ಗೆ 8.30ಕ್ಕೆ ನೋಡಬೇಕು. ಫೆಬ್ರವರಿಯಲ್ಲಿ ಆಕಾಶ ಬೋಳಾಗಿದ್ದರೂ ಹೋಗಬೇಕು, ಸೊನ್ನೆ ಬರೆಯಬೇಕು. ಸೊನ್ನೆ ಅಂದರೆ ನೋಡಿದ್ದೇನೆ, ಮಳೆ ಇರಲಿಲ್ಲ ಅಂತ. ಖಾಲಿ ಅಂದರೆ ನೋಡಲೇ ಇಲ್ಲ ಅಂತ.

ಇದು ನನಗೆ ಪೆಟ್ಟು ತಿಂದೇ ಗೊತ್ತಾದದ್ದು. ಕೆಲಸಕ್ಕೆ ಸೇರಿದ ಹೊಸತು, ಜುಲೈ. ಜ್ವರ ಬಂದು ಎರಡು ದಿನ ಮಲಗಿದೆ. ಮೂರನೇ ದಿನ ಬಾಟ್ಲಿಯಲ್ಲಿದ್ದ ನೀರನ್ನು ಅಳೆದು, ಅಂದಾಜಿಗೆ ಮೂರು ದಿನಕ್ಕೆ ಹಂಚಿ ಬರೆದೆ. ಪಕ್ಕದ ತೋಟದ ಪುಸ್ತಕದಲ್ಲಿ ಅದರಲ್ಲೊಂದು ದಿನ ಪೂರ್ತಿ ಬಿಸಿಲು! ಹಿರಿಯರು ಬೈಯಲಿಲ್ಲ. ಮೂರಕ್ಕೂ ಗೆರೆ ಎಳೆಸಿ, "ಮೂರು ದಿನದ್ದು ಒಟ್ಟು" ಅಂತ ಬರೆಸಿದರು. ಆ ಗೆರೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇಂಥ ಸ್ವಭಾವದವರಿಗೆ ಕೆಲಸ ಇಲ್ಲ ಅಂತಲ್ಲ. ಕೃಷಿ ಸಂಶೋಧನೆ, ಹವಾಮಾನ, ಲ್ಯಾಬ್, ಹಳೆ ದಾಖಲೆಗಳ ವಿಭಾಗ. ಭೂಜಲ ಇಲಾಖೆ ಬಾವಿಗಳ ನೀರಿನ ಮಟ್ಟ ಅಳೆದು ಬರೆದಿಡುವುದೂ ಈ ಹುಡುಗನ ಕ್ಯಾಲೆಂಡರಿನ ಕೆಲಸವೇ. ಚಪ್ಪಾಳೆ ಮಾತ್ರ ಸಿಗುವುದಿಲ್ಲ. ದಿನಾ ಹೊಸತು ಬೇಕು ಅನ್ನುವವರು ಆರು ತಿಂಗಳಲ್ಲಿ ಬಿಟ್ಟು ಹೋಗುತ್ತಾರೆ. ಹಾಗಂತ ಮೌನಿಗಳೆಲ್ಲ ಇದಕ್ಕೆ ಆಗುತ್ತಾರೆ ಅಂತಲೂ ಅಲ್ಲ. ನಮ್ಮಲ್ಲಿ ಅತಿ ಚೊಕ್ಕ ಲೆಕ್ಕ ಇಟ್ಟವರು ಬಾಯಿ ಮುಚ್ಚದ ಮನುಷ್ಯ.

ಹೊರಡುವಾಗ ಹುಡುಗನನ್ನು ಕೇಳಿದೆ, "ನೀರು ನೋಡುವುದು ಎಷ್ಟು ಗಂಟೆಗೆ?"

"ಆರೂವರೆಗೆ ಸರ್. ಅಪ್ಪ ಪಂಪು ಹಾಕುವ ಮೊದಲು."

ಅಮ್ಮ ತಿರುಗಿ ಅವನ ಮುಖ ನೋಡಿದರು.