ಅ ಆ ಇ ಈ ಬಿಟ್ಟು ‘ರ ಗ ಸ ದ ಅ’ ಯಾಕೆ?

ಪ್ರಶ್ನೆ: ಮಗ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. ಎರಡು ತಿಂಗಳಾದರೂ ಅ ಆ ಇ ಈ ಪೂರ್ತಿ ಬರುವುದಿಲ್ಲ. ಕೇಳಿದರೆ ‘ರ ಗ ಸ ದ ಅ’ ಅನ್ನುತ್ತಾನೆ. ಮನೆಯಲ್ಲಿ ನಾವೇ ವರ್ಣಮಾಲೆ ಬಾಯಿಪಾಠ ಮಾಡಿಸಬೇಕಾ?

ಉತ್ತರ: ಸದ್ಯಕ್ಕೆ ಬೇಡ. ಅವನು ಕಲಿಯುತ್ತಿರುವುದು ಸರಿಯಾಗಿಯೇ ಇದೆ. ಶಾಲೆಯಲ್ಲಿ ಈಗ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಲ್ಲ, ಹೀಗೆ ಗುಂಪು ಗುಂಪಾಗಿ ಕಲಿಸುತ್ತಾರೆ.

ಒಂದು ಕೆಲಸ ಮಾಡಿ. ಅ ಇಂದ ಔ ವರೆಗಿನ ಅಕ್ಷರಗಳನ್ನಷ್ಟೇ ಇಟ್ಟುಕೊಂಡು ಕನ್ನಡ ಪದಗಳನ್ನು ಬರೆಯಿರಿ. ಆ, ಈ, ಓ... ಅಲ್ಲಿಗೆ ಸರಕು ಮುಗಿಯಿತು, ಅಲ್ವಾ? ನಮ್ಮಲ್ಲಿ ಸ್ವರಾಕ್ಷರ ಬರುವುದು ಹೆಚ್ಚಾಗಿ ಪದದ ಮೊದಲಲ್ಲಿ. ಮಿಕ್ಕ ಕಡೆ ಅದು ಗುಡಿಸೋ ಕೊಂಬೋ ಆಗಿ ವ್ಯಂಜನಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಸ್ವರ ತಿದ್ದಿದ ಮಗುವಿಗೆ ಓದಲು ಏನೂ ಸಿಗುವುದಿಲ್ಲ. ನಡುವೆ ಋ ಅಂತ ಗಡ್ಡದ ಋಷಿ ಬೇರೆ. ಙ, ಞ ಬಂದಾಗಲಂತೂ ಚಾರ್ಟಿನಲ್ಲಿ ಚಿತ್ರವೂ ಇರುತ್ತಿರಲಿಲ್ಲ.

ಈಗ ರ, ಗ, ಸ, ದ, ಅ ಇಟ್ಟುಕೊಳ್ಳಿ. ಸರ, ದರ, ಅರಸ, ಅಗಸ, ಗರಗಸ. ಊರಿನ ಹೆಸರೇ ಬೇಕೆಂದರೆ ಗದಗ! ಐದೇ ಅಕ್ಷರ, ಒಂದೂ ಕಾಗುಣಿತವಿಲ್ಲ. ಮುಂದಿನ ಗುಂಪು ಜ ವ ಮ ಬ ನ. ವ ಬರೆಯಲು ಬಂದವನಿಗೆ ಮ ಅಂದರೆ ಇನ್ನೊಂದು ಬಾಲ, ಅಷ್ಟೇ. ಮರ, ಜನ, ಬಸವ, ನಗರ ಎಲ್ಲವೂ ಕೈಗೆ ಬಂದವು. ನನ್ನ ಅಕ್ಕನ ಮಗಳು ಬೀದಿಯಲ್ಲಿ ಮೊದಲು ಓದಿದ್ದು ಬೆಂಗಳೂರಿನ ಬಸ್ಸಿನ ಬೋರ್ಡು. ಗಾಳಿಯಲ್ಲೇ ಬೆರಳಾಡಿಸುತ್ತಾ ಜ... ಯ... ನ... ಗ... ರ ಅಂದಳು. ಒಂದು ಕ್ಷಣ ಸುಮ್ಮನಾದಳು. ಆಮೇಲೆ ಒಂದೇ ಉಸಿರಿಗೆ ‘ಜಯನಗರ!’ ಆ ಸುಮ್ಮನಿದ್ದ ಕ್ಷಣದಲ್ಲೇ ಅಕ್ಷರಗಳು ಪದವಾಗಿದ್ದು.

ಇದರ ಜೊತೆಗೆ ನಿಮ್ಮ ಮಗನ ಕ್ಲಾಸಿನಲ್ಲಿ ನಲಿ–ಕಲಿ ಪದ್ಧತಿ, ಅಂದರೆ ಆಡುತ್ತಾ ಹಾಡುತ್ತಾ ಕಲಿಯುವ ಪದ್ಧತಿ ಇರಬಹುದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು, 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಗೋಡೆಯ ಮೇಲೆ ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿ, ಮಕ್ಕಳ ಎತ್ತರಕ್ಕೆ ಕಪ್ಪುಹಲಗೆ, ತಲೆಯ ಮೇಲೆ ಮಕ್ಕಳು ಮಾಡಿದ್ದನ್ನು ತೂಗುಹಾಕಲು ದಾರದ ಚಪ್ಪರ. ಪ್ರತಿ ಮಗು ತನ್ನದೇ ವೇಗದಲ್ಲಿ ಏಣಿ ಹತ್ತುತ್ತದೆ. ಪಕ್ಕದ ಮನೆಯ ಹುಡುಗ ಎರಡು ಮೆಟ್ಟಿಲು ಮುಂದಿದ್ದಾನೆ ಅಂತ ಗಾಬರಿಯಾಗಬೇಡಿ.

ಕಾಗುಣಿತ ಆಮೇಲೆ, ಒಂದೊಂದೇ ಚಿಹ್ನೆಯಾಗಿ ಬರುತ್ತದೆ. ಸರಕ್ಕೆ ಇಳಿ ಹಾಕಿದರೆ ಸಾರ. ಒತ್ತಕ್ಷರ ಎಲ್ಲಕ್ಕಿಂತ ಕೊನೆಗೆ. ಇದರಲ್ಲೊಂದು ತಮಾಷೆಯಿದೆ: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ ಎಲ್ಲವೂ ಒತ್ತಕ್ಷರದವು! ದಿನವಿಡೀ ಕೂಗುವ ಪದ ಪುಸ್ತಕದಲ್ಲಿ ಕೊನೆಗೆ ಸಿಗುತ್ತದೆ. ಅದಕ್ಕೆ ಕಾಯಬೇಡಿ. ಚೀಟಿಯಲ್ಲಿ ‘ಅಮ್ಮ’ ಅಂತ ಬರೆದು ಫ್ರಿಜ್ಜಿಗೋ ಬಾಗಿಲಿಗೋ ಅಂಟಿಸಿ. ಈಗ ಚಿತ್ರದಂತೆ ಗುರುತಿಸಲಿ, ಸಾಕು.

ವರ್ಣಮಾಲೆಯ ಕ್ರಮ ಬೇಡವೇ ಅಂದರೆ, ನಿಘಂಟು ನೋಡಲು ಬೇಕೇ ಬೇಕು. ಅಕ್ಷರಗಳೆಲ್ಲ ಪರಿಚಯವಾದ ಮೇಲೆ ಅದು ಹೆಚ್ಚು ದಿನದ ಕೆಲಸವಲ್ಲ.

ನಿಜವಾಗಿ ಗಮನಿಸಬೇಕಾದದ್ದು ಬೇರೆ. ಮಕ್ಕಳು ಪಾಠವನ್ನೇ ಬಾಯಿಪಾಠ ಮಾಡಿಕೊಂಡು, ಪುಟದ ಮೇಲೆ ಸುಮ್ನೆ ಬೆರಳು ಓಡಿಸುತ್ತಾರೆ. ಸಾಲಿನ ನಡುವಿನ ಒಂದು ಪದ ತೋರಿಸಿ ‘ಇದೇನು?’ ಅಂತ ಕೇಳಿ. ತಡವರಿಸಿದರೆ ಬೈಯಬೇಡಿ, ಟೀಚರಿಗೆ ಹೇಳಿ. ಕೇಂದ್ರ ಸರ್ಕಾರದ 2021ರ ನಿಪುಣ್ ಭಾರತ್ ಯೋಜನೆ ಕೂಡ ಮೂರನೇ ಕ್ಲಾಸಿನ ಕೊನೆಗೆ ಮಗು ಅರ್ಥವಾಗುವಂತೆ ಓದಬೇಕು ಅನ್ನುತ್ತದೆ. ಸಮಯವಿದೆ.

ನಿಮ್ಮದು ಹಳ್ಳಿಯಾದರೆ ಗ್ರಾಮ ಪಂಚಾಯಿತಿ ಲೈಬ್ರರಿ ಇರುತ್ತದೆ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ ಮಾಡಿದ್ದಾರೆ. ಒಂದು ಭಾನುವಾರ ಕರೆದುಕೊಂಡು ಹೋಗಿ. ಪುಸ್ತಕ ಅವನೇ ಆರಿಸಲಿ, ಅಕ್ಷರಕ್ಕಿಂತ ಚಿತ್ರವೇ ಜಾಸ್ತಿ ಇದ್ದರೂ ಸರಿ.